ದೊಡ್ಡವ್ವನ ಬಲಗೈ

ಮದುವೆ ವಿಡಿಯೋ ಎಡಿಟ್ ಮಾಡುವುದಕ್ಕೆ ನಮ್ಮೂರಲ್ಲಿ ಎಡಿಟಿಂಗ್ ಅನ್ನುವುದಿಲ್ಲ, ಮಿಕ್ಸಿಂಗ್ ಅನ್ನುತ್ತಾರೆ. ಕ್ಯಾಮೆರಾದವರು ಛತ್ರದಲ್ಲಿ ಶೂಟ್ ಮಾಡಿ, ಹಾರ್ಡ್‌ಡಿಸ್ಕ್ ತಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ನಾನು ಹಾಡು ಹಾಕಿ, ಹೂವು ಉದುರಿಸಿ, ಬೀಗರ ಜಗಳ ಕತ್ತರಿಸಿ ಕೊಡುತ್ತೇನೆ. ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಯಾರ ಮದುವೆಗೂ ನನಗೆ ಕರೆಯಿಲ್ಲ, ಆದರೆ ದಾವಣಗೆರೆಯಲ್ಲಿ ನಾನು ನೋಡದ ಮದುವೆ ಕಮ್ಮಿ.

ಈ ಕಸುಬಿನಲ್ಲಿ ದಿನ ಬೆಳಗಾದರೆ ಎದುರಾಗುವ ರೋಗ ಒಂದೇ. ವಿಡಿಯೋವನ್ನು ಕಂಪ್ಯೂಟರಿಗೆ ತುಂಬಿಸಿ ಪ್ಲೇ ಒತ್ತಿದರೆ ಅದು ಹರಿಯುವುದಿಲ್ಲ, ತಡವರಿಸುತ್ತದೆ. ಮದುಮಗಳು ಹಾರ ಎತ್ತುತ್ತಾಳೆ, ಅಲ್ಲೇ ಕಲ್ಲಾಗುತ್ತಾಳೆ, ಮರುಕ್ಷಣ ಹಾರ ಗಂಡಿನ ಕೊರಳಲ್ಲಿರುತ್ತದೆ. ನಡುವೆ ಏನಾಯಿತು ಅನ್ನುವುದು ಕಾಣುವುದೇ ಇಲ್ಲ. ಇದಕ್ಕೆ ನಾವು ಜರ್ಕ್ ಅನ್ನುತ್ತೇವೆ. "ಅಣ್ಣ, ಜರ್ಕ್ ಹೊಡೀತೈತೆ, ಏನ್ ಮಾಡ್ಲಿ?" ಅಂತ ಫೋನ್ ಮಾಡುವ ಹೊಸಬರಿಗೆ ನಾನೇ ಡಾಕ್ಟರು. ಮೊದಲು ಬೈಯುತ್ತೇನೆ, ಆಮೇಲೆ ಔಷಧಿ ಹೇಳುತ್ತೇನೆ. ಬೈಯದೆ ಹೇಳಿದ್ದು ಅವರ ತಲೆಗೆ ಹತ್ತುವುದಿಲ್ಲ.

ನನ್ನ ಕೈಯಲ್ಲಿ ವಾಸಿಯಾಗದೆ ಉಳಿದ ಜರ್ಕ್ ಒಂದೇ ಒಂದು. ಅದು ಯಾರ ಮದುವೆಯದೂ ಅಲ್ಲ, ನನ್ನ ದೊಡ್ಡವ್ವನದು.

ದೊಡ್ಡವ್ವ ಅಂದರೆ ನನ್ನವ್ವನ ಅಕ್ಕ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಶಾಲೆಗೆ ಹೋಗಲಿಲ್ಲ, ಮದುವೆಯಾಗಲಿಲ್ಲ. ಹರಿಹರದ ತವರುಮನೆಯಲ್ಲೇ ಉಳಿದಳು. ಈಗ ಅದು ನನ್ನ ಸೋದರಮಾವನ ಸಂಸಾರ. ಕಿವುಡರ ಶಾಲೆಗಳಲ್ಲಿ ಕಲಿಸುವ ಕೈಭಾಷೆ ಅವಳಿಗೆ ಗೊತ್ತಿಲ್ಲ. ಅವಳದು ಆ ಮನೆಯ ಅಡುಗೆಮನೆಯಲ್ಲಿ ಹುಟ್ಟಿದ ಭಾಷೆ. ಅವಳೂ ಅವ್ವನೂ ಚಿಕ್ಕವರಿದ್ದಾಗಿನಿಂದ ಸೇರಿ ಕಟ್ಟಿಕೊಂಡದ್ದು. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುತಿಯ ಅಜ್ಜಿ. ಗಾಳಿಯಲ್ಲಿ ಮೀಸೆ ತಿರುವಿದರೆ ಅಜ್ಜ. ಗಲ್ಲ ಉಬ್ಬಿಸಿದರೆ ನಾನು. ಚಿಕ್ಕವನಿದ್ದಾಗ ಗುಂಡಗಿದ್ದೆ, ಈಗ ಗಲ್ಲ ಒಳಗೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಅದೇ. ಮಾವನಿಗೆ ಮತ್ತು ಮಾವನ ಸೊಸೆಗೆ ಈ ಭಾಷೆ ಊಟ ತಿಂಡಿಗೆ ಬೇಕಾದಷ್ಟು ಬರುತ್ತದೆ. ನನಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಪೂರ್ತಿ ಬರುವುದು ಭೂಮಿಯ ಮೇಲೆ ಅವ್ವನೊಬ್ಬಳಿಗೇ.

ಹೋದ ವರ್ಷದ ಬೇಸಿಗೆಯಲ್ಲಿ ದೊಡ್ಡವ್ವನಿಗೆ ಲಕ್ವಾ ಹೊಡೆಯಿತು. ಬಲಗಾಲು, ಬಲಗೈ ಎರಡೂ ಬಿದ್ದವು. ನೋಡಲು ಬಂದವರೆಲ್ಲ, "ಪುಣ್ಯ, ಜೀವ ಉಳೀತಲ್ರಿ, ಕೈ ಹೋದ್ರ ಹೋಗ್ಲಿ" ಅಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಬೇರೆಯವರಿಗೆ ಕೈ ಬಿದ್ದರೆ ಕೈ ಬಿತ್ತು ಅಷ್ಟೆ. ಇವಳಿಗೆ ಬಿದ್ದದ್ದು ನಾಲಿಗೆ.

ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನ ಸುಮ್ಮನೆ ಮಲಗಿದ್ದಳು. ಆಮೇಲೆ ನಮ್ಮನ್ನು ಏನೋ ಕೇಳಲು ಶುರುಮಾಡಿದಳು. ಎಡಗೈ ಹೊದಿಕೆಯ ಮೇಲಿನಿಂದ ಮೆಲ್ಲಗೆ ಏಳುತ್ತದೆ, ಎದೆಯ ಮುಂದೆ ಬಂದು ಅಂಗೈ ಅಗಲವಾಗಿ ತೆರೆದುಕೊಳ್ಳುತ್ತದೆ, ಹಾಗೇ ನಿಲ್ಲುತ್ತದೆ. ಹುಬ್ಬು ಮೇಲೆತ್ತಿ ನಮ್ಮ ಮುಖ ನೋಡುತ್ತಾಳೆ. ಬಲಗೈ ಅದರ ಮೇಲೆ ಬಂದು ಏನೋ ಮಾಡಬೇಕು, ಆಗ ಮಾತು ಮುಗಿಯುತ್ತದೆ. ಬಲಗೈ ಪಕ್ಕದಲ್ಲಿ ಬಿದ್ದಿರುತ್ತದೆ. ಅವಳು ಅದರ ಕಡೆ ಒಮ್ಮೆ ನೋಡಿ, ಮತ್ತೆ ನಮ್ಮ ಕಡೆ ನೋಡುತ್ತಾಳೆ. ಬೆಳಿಗ್ಗೆ ಎದ್ದಾಗಿನಿಂದ ಕತ್ತಲಾಗುವವರೆಗೆ ಇದೇ.

ನಮ್ಮ ಮಂದಿಯ ಕಣ್ಣಿಗೆ ಎದೆಯ ಮುಂದೆ ಚಾಚಿದ ಎಡ ಅಂಗೈಗೆ ಒಂದೇ ಅರ್ಥ. ಇಷ್ಟಲಿಂಗ ಕೂರಿಸುವುದು ಅಲ್ಲೇ. ಮಾವ ಶಿವಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ. ಅವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅಕ್ಕನಿಗೆ ಮೈ ಒರೆಸಿಸಿ, ಹಣೆಗೆ ವಿಭೂತಿ ಹಚ್ಚಿಸಿ, ಅವಳ ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಅಂಗೈ ಮೇಲಿಟ್ಟರು. ದೊಡ್ಡವ್ವ ಅದನ್ನು ಕಣ್ಣಿಗೊತ್ತಿಕೊಂಡಳು, ವಾಪಸ್ ಕೊಟ್ಟಳು. ಮತ್ತೆ ಅಂಗೈ ಎತ್ತಿದಳು.

"ಪೂಜಿ ಸಾಲ್ಲಿಲ್ಲ ಆಕಿಗೆ," ಅಂದರು ಮಾವ. ಅಯ್ಯನವರನ್ನು ಕರೆಸಿದರು. ಬಿಲ್ವಪತ್ರೆ ಬಂತು, ತೀರ್ಥ ಬಂತು, ಅಂಗೈ ಮೇಲೆ ಲಿಂಗ ಮತ್ತೆ ಬಂತು. ದೊಡ್ಡವ್ವ ಈ ಸಲ ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಎಡಗೈಯಿಂದ ಹಾಸಿಗೆ ಬಡಿದಳು. ಅದನ್ನೂ ಭಕ್ತಿ ಅಂದರು. "ಅಕ್ಕಂಗೆ ಶಿವ ಎದುರಿಗೆ ಕಾಣ್ತಾ ಅದಾನೆ ನೋಡ್ರಿ" ಅಂತ ಮಾವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಪಕ್ಕದ ಮನೆಯ ಹೆಂಗಸರು ಬಂದು ದೊಡ್ಡವ್ವನ ಕಾಲಿಗೆ ನಮಸ್ಕಾರ ಮಾಡಿ ಹೋದರು. ಏನೋ ಕೇಳುತ್ತಿದ್ದವಳನ್ನು ಹಿಡಿದು ಶರಣೆ ಮಾಡಿ ಕೂರಿಸಿದರು. ಮಾವ ಕೆಟ್ಟವರಲ್ಲ, ಅಕ್ಕನ ಮೇಲೆ ಪ್ರಾಣ. ಅದಕ್ಕೇ ನನಗೆ ಅವರನ್ನು ಬೈಯಲೂ ಆಗಲಿಲ್ಲ.

ಅವ್ವನಿಗೆ ಮಂಡಿನೋವು, ಬಸ್ಸು ಹತ್ತುವುದು ಕಷ್ಟ. ಆದರೂ ಆ ವಾರ ಆಟೋ ಮಾಡಿಸಿಕೊಂಡು ನನ್ನ ಜೊತೆ ಹರಿಹರಕ್ಕೆ ಬಂದಳು. ದೊಡ್ಡವ್ವ ತಂಗಿಯನ್ನು ನೋಡಿದ್ದೇ ತಡ, ಅಂಗೈ ಎತ್ತಿದಳು. ಅವ್ವ ಹಾಸಿಗೆಯ ಅಂಚಿನಲ್ಲಿ ಕೂತು ಬಹಳ ಹೊತ್ತು ಆ ಕೈಯನ್ನೇ ನೋಡಿದಳು.

"ಲಿಂಗ ಅಲ್ಲೋ ಇದು," ಅಂದಳು ಮಾವನಿಗೆ. "ಲಿಂಗ ಬೇಕಂದ್ರೆ ಕೊಳ್ಳಾಗಿನ ದಾರ ಎಳೆದು ತೋರಿಸ್ತಾಳೆ. ನಿನಗೆ ಅಷ್ಟೂ ಗೊತ್ತಿಲ್ಲೇನು? ಇದು ಬ್ಯಾರೆ."

"ಬ್ಯಾರೆ ಅಂದ್ರೆ ಏನು?"

ಎಡ ಅಂಗೈ ಅಕ್ಕ-ತಂಗಿಯರ ಭಾಷೆಯಲ್ಲಿ ಹಲಗೆ ಇದ್ದ ಹಾಗೆ. ಅದರ ಮೇಲೆ ಬಲಗೈ ತಟ್ಟಿದರೆ ರೊಟ್ಟಿ, ಬೆರಳು ಮಡಚಿದರೆ ಎಲೆ ಅಡಿಕೆ, ಉಗುರಿನಿಂದ ಗೀರಿದರೆ ಕಾಗದ, ಚಿವುಟಿದರೆ ಮಾತ್ರೆ. ಅವ್ವ ತನ್ನ ಎಡಗೈ ಚಾಚಿ ಬಲಗೈಯಿಂದ ಒಂದೊಂದನ್ನೇ ಮಾಡಿ ತೋರಿಸಿದಳು. ಇದಾ? ಇದಾ? ದೊಡ್ಡವ್ವ ಪ್ರತಿಯೊಂದಕ್ಕೂ ಕತ್ತು ಆಡಿಸಿದಳು, ಅಲ್ಲ ಅಂತ. ಸೊಸೆ ಒಳಗಿನಿಂದ ರೊಟ್ಟಿ ತಂದಳು, ಎಲೆ ತಂದಳು, ಜರಡಿ ತಂದಳು, ಹಳೆಯ ಫೋಟೋ ತಂದಳು. ಹಾಸಿಗೆಯ ಸುತ್ತ ಸಂತೆ ನೆರೆದ ಹಾಗಾಯಿತು. ಯಾವುದೂ ಅಲ್ಲ. ಕೊನೆಗೆ ದೊಡ್ಡವ್ವ ತೆರೆದ ಅಂಗೈಯನ್ನು ತನ್ನ ಕಡೆಗೆ ಸ್ವಲ್ಪ ವಾಲಿಸಿದಳು, ತಂಗಿಗೆ ಇನ್ನಾದರೂ ತಿಳಿಯಲಿ ಅನ್ನುವಂತೆ. ಅವ್ವ ಅದನ್ನು ನೋಡಿ ಬೆಚ್ಚಿದಳು.

"ಇದನ್ನ ನಾನು ನೋಡೀನಿ. ಆ ವಿಡಿಯೋದಾಗ ಮಾಡ್ತಾಳೆ. ನಾನು ಕಳೆದುಹೋಗಿದ್ದ ಕತಿ ಹೇಳಿದ್ಳಲ್ಲ, ಅದ್ರಾಗ. ಎರಡೂ ಕೈಲೆ ಮಾಡ್ತಾಳೆ. ಆ ಬಲಗೈ ಒಂದು ಸಲ ತೋರ್ಸು, ನಾನು ಹೇಳ್ತೀನಿ."

ಆ ವಿಡಿಯೋ ನನಗೆ ನೆನಪಿತ್ತು. ಕೆಲವು ವರ್ಷದ ಹಿಂದೆ ಅದೇ ಮನೆಯಲ್ಲಿ ಮಗುವಿನ ತೊಟ್ಟಿಲು ಕಾರ್ಯ ನಡೆದಾಗ, ಊಟವಾದ ಮೇಲೆ ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತಿದ್ದರು. ದೊಡ್ಡವ್ವ ಅಂದು ಬಹಳ ಖುಷಿಯಲ್ಲಿದ್ದಳು. ಚಿಕ್ಕಂದಿನಲ್ಲಿ ಅಜ್ಜ ಇಬ್ಬರನ್ನೂ ದಾವಣಗೆರೆಗೆ ಬಟ್ಟೆ ಕೊಡಿಸಲು ಕರೆತಂದದ್ದು, ಪೇಟೆಯಲ್ಲಿ ಅವ್ವ ತಪ್ಪಿಸಿಕೊಂಡದ್ದು, ಕೂಗಲು ಬಾರದ ತಾನು ಕಂಡ ಕಂಡವರ ಸೆರಗು ಜಗ್ಗಿ ಹುಡುಕಿದ್ದು, ಕೊನೆಗೆ ತಂಗಿ ಮಂಡಕ್ಕಿ ಅಂಗಡಿಯ ಕಟ್ಟೆ ಮೇಲೆ ಕಾಲು ಆಡಿಸುತ್ತ ಮೆಣಸಿನಕಾಯಿ ಬಜ್ಜಿ ಮೆಲ್ಲುತ್ತಿದ್ದದ್ದು, ಎಲ್ಲವನ್ನೂ ಕೈಯಲ್ಲಿ ಹೇಳಿದ್ದಳು. ಮಾವನ ಸೊಸೆ ಅದನ್ನು ಫೋನಿನಲ್ಲಿ ತೆಗೆದಿದ್ದಳು. ಅವ್ವ ಪಕ್ಕದಲ್ಲಿ ಕೂತು ಎಲ್ಲರಿಗೂ ಬಾಯಲ್ಲಿ ಬಿಡಿಸಿ ಹೇಳಲು ಹೋದಾಗ ಸೊಸೆ, "ಅತ್ತೆ, ನೀವು ಮಾತಾಡಬ್ಯಾಡ್ರಿ, ಸೌಂಡು ಡಿಸ್ಟರ್ಬ್ ಆಗ್ತೈತೆ" ಅಂದಿದ್ದಳು. ಅಲ್ಲಿದ್ದವರು ಯಾರೂ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಕಿವಿಯೇ ಕೇಳದವಳ ವಿಡಿಯೋಕ್ಕೆ ಸೌಂಡು ಕ್ಲೀನಾಗಿ ಬರಲಿ ಅಂತ, ಅವಳ ಮಾತು ಬಲ್ಲ ಒಬ್ಬಳೇ ಒಬ್ಬಳ ಬಾಯಿ ಮುಚ್ಚಿಸಿದ್ದರು.

ಸೊಸೆ ಆ ವಿಡಿಯೋ ಹುಡುಕಿ ವಾಟ್ಸ್ಯಾಪಿನಲ್ಲಿ ಕಳಿಸಿದಳು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಕೆಲಸ ಬದಿಗಿಟ್ಟು ಅದನ್ನು ಕಂಪ್ಯೂಟರಿಗೆ ಹಾಕಿದೆ. ಅವ್ವ ಕನ್ನಡಕ ಒರೆಸಿಕೊಂಡು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಪ್ಲೇ ಒತ್ತಿದೆ. ಜರ್ಕ್.

ದೊಡ್ಡವ್ವ ಕೈ ಎತ್ತುತ್ತಾಳೆ, ನಿಲ್ಲುತ್ತಾಳೆ, ಕೈ ಬೇರೆಲ್ಲೋ ಇರುತ್ತದೆ. ಮದುವೆ ವಿಡಿಯೋದಲ್ಲಿ ಇಂಥದ್ದು ಬಂದರೆ ನಷ್ಟ ಏನೂ ಇಲ್ಲ, ಭಾಷಣ ಕೇಳುತ್ತಲೇ ಇರುತ್ತದೆ, ಮಂತ್ರ ನಿಲ್ಲುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಜರ್ಕ್ ಹೊಡೆದಷ್ಟೂ ಮಾತು ಹೋಯಿತು. ಆದರೂ ನನಗೆ ಆಗ ಗಾಬರಿಯಾಗಲಿಲ್ಲ. ಇದು ನನ್ನ ರೋಗ, ನನಗೆ ಔಷಧಿ ಗೊತ್ತು ಅನ್ನುವ ಧಿಮಾಕು ಇತ್ತು.

ಮೊದಲು ಪ್ರಿವ್ಯೂ ಕ್ವಾಲಿಟಿ ಅರ್ಧಕ್ಕೆ ಇಳಿಸಿದೆ, ಆಮೇಲೆ ಕಾಲು ಭಾಗಕ್ಕೆ ಇಳಿಸಿದೆ. ಚಿತ್ರ ಮಸುಕಾದರೂ ಸರಿ, ಕಂಪ್ಯೂಟರಿಗೆ ಭಾರ ಕಮ್ಮಿಯಾಗಿ ಓಡಲಿ ಅಂತ. ಓಡಲಿಲ್ಲ. ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಕೂಡಿಬಿದ್ದ, ಕ್ಯಾಶ್ ಅನ್ನುವ ಹಳೆಯ ಕಸವನ್ನೆಲ್ಲ ಅಳಿಸಿದೆ. ಫೈಲು ಹೊರಗಿನ ಡಿಸ್ಕಿನಲ್ಲಿದ್ದರೆ ತಡವಾಗುತ್ತದೆ ಅಂತ ಒಳಗಿನ ವೇಗದ ಡಿಸ್ಕಿಗೆ ತಂದೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹೊಸದು ಹಾಕಿದೆ. ಪ್ರತಿ ಸಲವೂ ಅವ್ವ, "ಬಂತಾ?" ಅನ್ನುತ್ತಿದ್ದಳು. "ತಡಿ" ಅನ್ನುತ್ತಿದ್ದೆ.

"ಒಂದ್ ಸಲ ಬಂದ್ ಮಾಡಿ ಚಾಲೂ ಮಾಡಿ ನೋಡೋ."

"ಅವ್ವ, ಇದೇನು ಮಿಕ್ಸರಾ?" ಅಂತ ರೇಗಿದೆ. ರೇಗಿ, ಬಂದ್ ಮಾಡಿ ಚಾಲೂ ಮಾಡಿದೆ. ಅದೇ ಕತೆ.

ಆಮೇಲೆ ದೊಡ್ಡ ಔಷಧಿಗೆ ಹೋದೆ. ಫೋನಿನ ವಿಡಿಯೋಗಳಿಗೆ ಒಂದು ಚಾಳಿ ಇದೆ. ಅವು ಒಂದೇ ವೇಗದಲ್ಲಿ ಚಿತ್ರ ತೆಗೆಯುವುದಿಲ್ಲ, ತಮಗೆ ತೋಚಿದಾಗ ಜಾಸ್ತಿ, ತೋಚಿದಾಗ ಕಮ್ಮಿ. ನಮ್ಮ ಎಡಿಟಿಂಗ್ ಸಾಫ್ಟ್‌ವೇರಿಗೆ ಒಂದೇ ಹೆಜ್ಜೆ ಬೇಕು. ಹಾಗಾಗಿ ಫೈಲನ್ನು ಬೇರೆ ಸಾಫ್ಟ್‌ವೇರಿನಲ್ಲಿ ಹಾಕಿ ಒಂದೇ ವೇಗಕ್ಕೆ ಬದಲಿಸಿ, ಎಡಿಟಿಂಗಿಗೆ ಹಗುರಾದ ನಕಲು ಮಾಡಿಕೊಂಡು ತರಬೇಕು. ನೂರಕ್ಕೆ ತೊಂಬತ್ತು ಜರ್ಕು ಇಷ್ಟಕ್ಕೆ ವಾಸಿ. ಅವ್ವನಿಗೆ ಚಾ ಮಾಡಿಸಿ ಕೊಟ್ಟು, ಬದಲಿಸಿ ತಂದು, ಪ್ಲೇ ಒತ್ತಿದೆ.

ಈ ಸಲ ಕಂಪ್ಯೂಟರು ಒಂದು ಕಡೆಯೂ ಎಡವಲಿಲ್ಲ. ಸಲೀಸಾಗಿ ಓಡಿತು. ದೊಡ್ಡವ್ವ ಮಾತ್ರ ಹಾಗೇ ತಡವರಿಸುತ್ತಿದ್ದಳು. ಒಂದೊಂದೇ ಚಿತ್ರ ಮುಂದೆ ಸರಿಸಿ ನೋಡಿದೆ. ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು, ಆಮೇಲೆ ಒಮ್ಮೆಲೇ ಬೇರೆ ಚಿತ್ರ. ನಡುವಿನದು ಇರಲೇ ಇಲ್ಲ. ಖಾಲಿ ಇದ್ದ ಕಡೆ ಸಾಫ್ಟ್‌ವೇರು ಹಿಂದಿನ ಚಿತ್ರವನ್ನೇ ತುಂಬಿ ಲೆಕ್ಕ ಸರಿಮಾಡಿತ್ತು.

ಅವ್ವನಿಗೆ ಬೇಕಾದ ಜಾಗಕ್ಕೆ ಬಂದೆವು. ಮಂಡಕ್ಕಿ ಅಂಗಡಿ ಆಯಿತು, ಮೆಣಸಿನಕಾಯಿ ಆಯಿತು. ಎಡ ಅಂಗೈ ಎದೆಯ ಮುಂದೆ ಬಂತು, ತನ್ನ ಕಡೆ ಸ್ವಲ್ಪ ವಾಲಿತು, ಅದೇ ಅಂಗೈ. ಬಲಗೈ ಭುಜದ ಹತ್ತಿರ, ಮಸುಕು ಮಸುಕಾಗಿ. ಮುಂದಿನ ಚಿತ್ರದಲ್ಲಿ ಎರಡೂ ಕೈ ಮಡಿಲಲ್ಲಿವೆ, ದೊಡ್ಡವ್ವ ತಂಗಿಯ ಕಡೆ ನೋಡಿ ನಗುತ್ತಿದ್ದಾಳೆ.

ಸೌಂಡು ಮಾತ್ರ ಒಂದು ಕೂದಲೆಳೆಯೂ ಕೆಟ್ಟಿರಲಿಲ್ಲ. ಫ್ಯಾನಿನ ಕಿರಕಿರ, ಹೊರಗೆ ಪಾತ್ರೆ ತೊಳೆಯುವುದು, ಎಲ್ಲ ಕೇಳುತ್ತಿತ್ತು. ಬಲಗೈ ಕಾಣದೆ ಹೋದ ಆ ಜಾಗದಲ್ಲಿ ದೊಡ್ಡವ್ವನ ಗಾಜಿನ ಬಳೆ ಗಲಗಲ ಅಂದಿತು, ನಿಂತಿತು, ಮತ್ತೆ ಗಲಗಲ ಅಂದಿತು. ಅದರ ಹಿಂದೆಯೇ ಒಂದು ನಗು. ಮಾತಾಡಬೇಡ ಅಂದಿದ್ದರೂ ತಡೆಯಲಾಗದೆ ಅವ್ವ ನಕ್ಕಿದ್ದಳು. ಹೊಟ್ಟೆಯಿಂದ ಬಂದ ನಗು. ಅಂದರೆ ಅಂದು ಅವಳಿಗೆ ಆ ಮಾತು ಪೂರ್ತಿ ತಿಳಿದಿತ್ತು.

ಅವ್ವ ತನ್ನ ನಗುವನ್ನು ತಾನೇ ಕೇಳಿದಳು. ಮತ್ತೊಮ್ಮೆ ಹಾಕು ಅಂದಳು. ಹಾಕಿದೆ. ಬಳೆ, ನಗು.

"ನಾನು ಯಾಕ ನಕ್ಕೆ?" ಅಂತ ನನ್ನನ್ನು ಕೇಳಿದಳು.

ನನಗೆ ಹೇಗೆ ಗೊತ್ತಿರಬೇಕು? ಅವಳ ಮುಖ ನೋಡಲಾಗಲಿಲ್ಲ. ಅವ್ವನಿಗೆ ಇತ್ತೀಚೆಗೆ ಒಲೆಯ ಮೇಲಿನ ಹಾಲು ಮರೆಯುತ್ತದೆ, ಮಾತ್ರೆ ಮರೆಯುತ್ತದೆ, ಅವನ್ನೆಲ್ಲ ನಾವು ತಮಾಷೆ ಮಾಡುತ್ತಿದ್ದೆವು. ಆ ದಿನ ಮಾತ್ರ ನನಗೆ ನಗು ಬರಲಿಲ್ಲ. ಒಬ್ಬಳ ಕೈ ಹೋಗಿತ್ತು, ಇನ್ನೊಬ್ಬಳ ನೆನಪು ಹೋಗುತ್ತಿತ್ತು. ಇಬ್ಬರ ನಡುವಿನ ಮಾತು ಉಳಿದಿದ್ದರೆ ಈ ಫೈಲಿನಲ್ಲಿ ಉಳಿಯಬೇಕಿತ್ತು.

ಇನ್ನೂ ಒಂದು ಆಸೆ ಇತ್ತು. ವಾಟ್ಸ್ಯಾಪು ಕಳಿಸುವಾಗ ವಿಡಿಯೋವನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಸೊಸೆಯ ಫೋನಿನಲ್ಲಿ ಮೂಲ ಇದ್ದರೆ ಅದು ಚೆನ್ನಾಗಿರಬಹುದು. ಮಧ್ಯಾಹ್ನವೇ ಬೈಕಿನಲ್ಲಿ ಹರಿಹರಕ್ಕೆ ಹೊರಟೆ. ದಾರಿಯುದ್ದಕ್ಕೂ, ಮೂಲ ಇರಲಿ ಶಿವನೇ ಅಂತ ಬೇಡಿಕೊಂಡೆ. ಮಾವನ ಭಕ್ತಿಯನ್ನು ಒಳಗೊಳಗೇ ಗೇಲಿ ಮಾಡಿದವನು ನಾನೇ.

ಮೂಲ ಇತ್ತು. ಸೊಸೆ ಪಾಪ, ಸಾವಿರಾರು ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಿಂದ ಅದನ್ನು ಹುಡುಕಿ ತೆಗೆದಳು. ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಒಳಕೋಣೆಯಿಂದ ದೊಡ್ಡವ್ವ ನನ್ನನ್ನು ನೋಡಿದಳು. ಗಲ್ಲ ಉಬ್ಬಿಸಲು ಹೋದಳು, ಬಾಯಿಂದ ಗಾಳಿ ಸೋರಿತು. ಆಮೇಲೆ ಅಂಗೈ ಎತ್ತಿದಳು, ನನಗೂ. ನಾನು ಲ್ಯಾಪ್‌ಟಾಪು ತೋರಿಸಿ, ತಡಿ, ಹುಡುಕುತ್ತಿದ್ದೇನೆ ಅಂತ ಸನ್ನೆ ಮಾಡಿದೆ. ಅವಳಿಗೆ ಏನು ತಿಳಿಯಿತೋ, ತಲೆಯಾಡಿಸಿದಳು.

ಅಲ್ಲೇ ಹೊಸ್ತಿಲ ಮೇಲೆ ಕೂತು ಮೂಲವನ್ನು ತೆರೆದೆ. ಚಿತ್ರ ವಾಟ್ಸ್ಯಾಪಿನದಕ್ಕಿಂತ ಸ್ವಚ್ಛವಾಗಿತ್ತು. ಬಳೆಯ ಬಣ್ಣ ಕಾಣುತ್ತಿತ್ತು, ಸೀರೆಯ ಅಂಚು ಕಾಣುತ್ತಿತ್ತು. ಬಲಗೈ ಮಾತ್ರ ಭುಜದ ಹತ್ತಿರ ಒಮ್ಮೆ, ಮಡಿಲಲ್ಲಿ ಒಮ್ಮೆ. ನಡುವೆ ಏನೂ ಇಲ್ಲ.

ಯಾಕೆ ಅಂತ ಸೊಸೆಯನ್ನು ಕೇಳಿ ತಿಳಿದುಕೊಂಡೆ. ಆ ಸುಮಾರಿಗೆ ದೊಡ್ಡವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಬೆಳಕು ಚುಚ್ಚುತ್ತದೆ ಅಂತ ಕಿಟಕಿಗೆ ಕಂಬಳಿ ಕಟ್ಟಿದ್ದರು. ಕತ್ತಲಿದ್ದರೆ ಫೋನು ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ, ಹಾಗಾಗಿ ತೆಗೆಯುವ ಚಿತ್ರ ಕಮ್ಮಿ. ಅದರ ಮೇಲೆ ಫೋನಿನ ಮೆಮೊರಿ ಬೇರೆ ತುಂಬಿತ್ತಂತೆ, ಆ ಕಮ್ಮಿಯಲ್ಲೂ ಅದಕ್ಕೆ ಬರೆದಿಡಲು ಆಗದ್ದನ್ನು ಅಲ್ಲೇ ಉದುರಿಸಿತ್ತು. ಯಾರ ತಪ್ಪೂ ಅಲ್ಲ. ಪ್ಲೇಬ್ಯಾಕಿನ ತೊಂದರೆಯಾಗಿದ್ದರೆ ನಾನು ಸರಿಮಾಡುತ್ತಿದ್ದೆ. ತೆಗೆಯದೇ ಇದ್ದ ಚಿತ್ರವನ್ನು ಯಾವ ಮಿಕ್ಸಿಂಗಿನವನು ತಂದಾನು? ಆ ಹೊಸ್ತಿಲ ಮೇಲೆ ನನಗೆ ಅಳು ಬಂತು. ಸೊಸೆ ನೋಡಬಾರದು ಅಂತ ಕೇಬಲ್ ಸುತ್ತುತ್ತ ಕೂತೆ.

ಇಲ್ಲಿಗೆ ಬಿಡಬೇಕಿತ್ತು. ಅವ್ವ ಬಿಡಲಿಲ್ಲ. "ಸಿನಿಮಾದಾಗ ಸತ್ತೋರನ್ನ ಕುಣಿಸ್ತಾರಂತೆ, ನಿಂಗೆ ಒಂದು ಕೈ ತರೋಕೆ ಆಗಲ್ಲೇನು?" ಅಂದಳು. ನಿಜ ಹೇಳಬೇಕೆಂದರೆ ಒಂದು ಉಪಾಯ ಇತ್ತು. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ಸಾಫ್ಟ್‌ವೇರೇ ಊಹಿಸಿ ಬಿಡಿಸುತ್ತದೆ. ಮದುಮಗಳು ಕೂದಲು ಹಾರಿಸಿ ತಿರುಗುವಾಗ ನಿಧಾನಗತಿಗೆ ನಾನು ಅದನ್ನೇ ಬಳಸುವುದು. ಆ ಎರಡು ಚಿತ್ರ ಕೊಟ್ಟೆ. ಸುಮಾರು ಹೊತ್ತು ತಿಣುಕಾಡಿ ಅದು ಒಂದು ಬಲಗೈ ಬಿಡಿಸಿ ಕೊಟ್ಟಿತು.

ಕೈ ಭುಜದಿಂದ ಇಳಿಯಿತು. ಬೆರಳುಗಳು ಬೆಣ್ಣೆಯ ಹಾಗೆ ಕರಗಿ ಒಂದರೊಳಗೊಂದು ಸೇರಿದವು. ಅಂಗೈ ಮೇಲೆ ಅಡ್ಡಡ್ಡ ಜಾರಿ ಮಡಿಲಿಗೆ ಬಿದ್ದಿತು. ನೋಡಲು ಅಸಹ್ಯವಾಗಿತ್ತು. ಅಳಿಸಲು ಮೌಸ್ ಹಿಡಿದೆ. ಅವ್ವ ನನ್ನ ಮುಂಗೈ ಹಿಡಿದಳು.

"ಒರೆಸ್ತಾ ಅದಾಳೆ! ಅಂಗೈ ಒರೆಸಿ ಮುಖದ ಕಡೆ ತಿರುಗಿಸ್ಕೊಂಡ್ಳು. ಕನ್ನಡಿ ಕಣೋ ಅದು, ಕನ್ನಡಿ!"

"ಅವ್ವ, ಅದು ದೊಡ್ಡವ್ವನ ಕೈಯಲ್ಲ. ಕಂಪ್ಯೂಟರ್ ಮಾಡಿದ ಕೈ."

"ಕಂಪ್ಯೂಟರಿಗೆ ಕನ್ನಡಿ ಹೆಂಗೆ ಗೊತ್ತಾಗ್ತೈತೆ? ಆಕಿ ಮಾಡಿದ್ದಕ್ಕೇ ಬಂತು."

ಆಮೇಲೆ ಅವಳಿಗೆ ಎಲ್ಲ ನೆನಪಾಗತೊಡಗಿತು. ಆ ದಿನ ಅಜ್ಜ ಪೇಟೆಯಲ್ಲಿ ಕನ್ನಡಿ ಕೊಡಿಸಿದ್ದು, ಮೆಣಸಿನಕಾಯಿ ತಿಂದು ಕೆಂಪಾದ ಮೂತಿಯನ್ನು ಅಕ್ಕ ತನಗೆ ಅದರಲ್ಲಿ ತೋರಿಸಿದ್ದು, ಅದಕ್ಕೇ ತಾನು ವಿಡಿಯೋದಲ್ಲಿ ನಕ್ಕದ್ದು. ನಿನ್ನೆಯವರೆಗೆ ಇದರಲ್ಲಿ ಒಂದು ಅಕ್ಷರವನ್ನೂ ಅವಳು ಹೇಳಿರಲಿಲ್ಲ. ಖಾಲಿ ಜಾಗ ತುಂಬುವ ಕೆಲಸವನ್ನು ಅವಳೂ ಮಾಡುತ್ತಿದ್ದಾಳೆ ಅಂತ ನನಗೆ ಅನುಮಾನ ಬಂತು. ಆದರೆ ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡಿತ್ತು. ನನಗೂ ಅದು ಕನ್ನಡಿಯೇ ಆಗಿರಲಿ ಅನ್ನಿಸಿತು, ಬಹಳ ಅನ್ನಿಸಿತು. ಸುಮ್ಮನಾದೆ.

ಬಳೆ ಅಂಗಡಿಯಲ್ಲಿ ಅವ್ವ ತಾನೇ ಆರಿಸಿ ದುಂಡನೆಯ ಕೈಗನ್ನಡಿ ಕೊಂಡಳು, ಕೆಂಪು ಅಂಚಿನದು. ಹರಿಹರದ ಮನೆ ಮುಟ್ಟಿದಾಗ ದೊಡ್ಡವ್ವನಿಗೆ ತಲೆ ಬಾಚುತ್ತಿದ್ದರು. ಅವ್ವನನ್ನು ನೋಡಿ ಅವಳು ಅಂಗೈ ಎತ್ತಿದಳು. ಅವ್ವ ನಗುನಗುತ್ತ ಎದುರಿಗೆ ಕೂತು, ತನ್ನ ಎಡ ಅಂಗೈಯನ್ನು ಬಲಗೈಯಿಂದ ಒರೆಸಿ ತೋರಿಸಿ, ಸೆರಗಿನಿಂದ ಕನ್ನಡಿ ತೆಗೆದು ಅಕ್ಕನ ಕೈಯಲ್ಲಿಟ್ಟಳು. ಮಾವ, ಸೊಸೆ, ನಾನು, ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

ಲಕ್ವಾ ಹೊಡೆದಾಗ ದೊಡ್ಡವ್ವನ ಮುಖ ಒಂದು ಕಡೆಗೆ ಜಗ್ಗಿತ್ತು. ಬಾಯಿಯ ತುದಿ ಇಳಿದು, ಬಲಗಣ್ಣು ಅರ್ಧ ಮುಚ್ಚಿತ್ತು. ನಮಗೆ ನೋಡಿ ನೋಡಿ ರೂಢಿಯಾಗಿತ್ತು. ಅವಳು ನೋಡಿರಲಿಲ್ಲ. ಅದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕನ್ನಡಿಯಲ್ಲಿ ಅವಳು ತನ್ನನ್ನು ನೋಡಿಕೊಂಡಳು. ಸ್ವಲ್ಪ ಹೊತ್ತು ಯಾರದೋ ಮುಖ ನೋಡುವ ಹಾಗೆ ನೋಡಿದಳು. ಆಮೇಲೆ ತಲೆಯೆತ್ತಿ ತಂಗಿಯನ್ನು ನೋಡಿದಳು, ನಾನು ಕೇಳಿದ್ದಕ್ಕೆ ನೀನು ತಂದದ್ದು ಇದಾ ಅನ್ನುವಂತೆ. ಸಿಟ್ಟು ಮಾಡಲಿಲ್ಲ, ಹಾಸಿಗೆ ಬಡಿಯಲಿಲ್ಲ. ಕನ್ನಡಿಯನ್ನು ಮಗುಚಿ ಹೊದಿಕೆಯ ಮೇಲಿಟ್ಟು, ಎಡಗೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

ಅವ್ವ ಅವಳ ಗಲ್ಲ ಹಿಡಿದಳು, ಅಲ್ಲ ಅಲ್ಲ ಅಂತ ಎರಡೂ ಕೈ ಆಡಿಸಿದಳು, ತಪ್ಪಾಯಿತು ಅಂತ ಕಿವಿ ಹಿಡಿದುಕೊಂಡಳು. ಇನ್ನೊಂದು ಸಲ ಹೇಳು ಅಂತ ತನ್ನ ಅಂಗೈ ಚಾಚಿ ಕಾದಳು. ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದವಳಿಗೆ ಏನನ್ನೂ ಹೇಳುವ ದಾರಿ ಇಲ್ಲ.

ಆ ದಿನದಿಂದ ಅವಳು ಅಂಗೈ ಎತ್ತಿಲ್ಲ. ನಾವು ವಾರ ಬಿಟ್ಟು ವಾರ ಹೋಗುತ್ತೇವೆ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ತೋರಿಸುತ್ತಾಳೆ, ಅವ್ವನಿಗೂ ಅಷ್ಟೇ, ಆಸ್ಪತ್ರೆಯಲ್ಲಿ ನರ್ಸಿಗೆ ತೋರಿಸುತ್ತಿದ್ದ ಹಾಗೆ. ಅಕ್ಕ-ತಂಗಿಯರ ನಡುವೆ ನೀರಿಗೆ ಬೇರೆಯೇ ಒಂದು ಮಾತಿತ್ತಂತೆ. ಅದಕ್ಕೆ ಎಡಗೈ ಒಂದೇ ಸಾಕಂತೆ. ಅದನ್ನು ಅವಳು ಬಳಸುವುದಿಲ್ಲ.

ಮೊನ್ನೆ ಹರಿಹರದಿಂದ ಸೊಸೆ ಫೋನ್ ಮಾಡಿದ್ದಳು. ಅವ್ವ ಸ್ಪೀಕರಿಗೆ ಹಾಕಿಕೊಂಡಳು, ನಾನು ಮೇಜಿನ ಹತ್ತಿರ ಯಾರದೋ ಆರತಕ್ಷತೆಗೆ ಹಾಡು ಕೂರಿಸುತ್ತಿದ್ದೆ.

"ಆರಾಮ್ ಅದಾರ್ರಿ ಅತ್ತೆ, ನೀವೇನೂ ಯೋಚ್ನೆ ಮಾಡಬ್ಯಾಡ್ರಿ," ಅಂದಳು ಅವಳು. ಅವಳ ದನಿಯಲ್ಲಿ ನಿಜವಾದ ಸಮಾಧಾನವಿತ್ತು. "ಮೊದಲಿನಂಗೆ ಒದ್ದಾಡಲ್ರಿ. ಈಗ ಏನೂ ಕೇಳಂಗೇ ಇಲ್ಲ."

"ಹೌದಾ," ಅಂದಳು ಅವ್ವ. "ಆತು ಬಿಡವ್ವ."